ಆಡಿದವರಿಗೇ ತಂಡ ಒಪ್ಪಿಸಬೇಕಾ?

ಅಮೆರಿಕದ ಕಾಲೇಜು ಫುಟ್‌ಬಾಲ್ ನಮ್ಮೂರ ಕಾಲ್ಚೆಂಡಾಟ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಂಥ ಚೆಂಡಿಗಾಗಿ ಮೈಗೆ ಮೈ ಗುದ್ದಿ ಆಡುವ ಆಟ. ಅಲ್ಲಿ ಆಡಿದ ಹುಡುಗರೇ ಮುಂದೆ ಕೋಚ್ ಆಗುತ್ತಾರೆ. ಕೆಲವರು ಸೆನೆಟರ್, ಜಡ್ಜ್ ಆಗಿದ್ದಾರೆ, ದೇಶದ ಅಧ್ಯಕ್ಷರೂ ಆಗಿದ್ದಾರೆ. ಹೀಗೆ ಆಡಿದವರಿಗೇ ಮೊದಲ ಮಣೆ ಹಾಕುವುದು ಸರಿಯಾ? ಅಲ್ಲೇ ನೆಲೆಸಿರುವ ಇಬ್ಬರು ಕನ್ನಡಿಗರು ಬರೆದಿದ್ದಾರೆ.

ಪರ: ಪೆಟ್ಟು ತಿಂದವರಿಗೇ ಪೆಟ್ಟು ಗೊತ್ತು

ನನಗೆ ಪರ ಬರೆಯಿರಿ ಅಂದರು. ಪೂರ್ತಿ ಒಪ್ಪಿಗೆ ಇಲ್ಲ, ಮುಕ್ಕಾಲು ಪಾಲು ಇದೆ. ಆ ಮುಕ್ಕಾಲು ಪಾಲನ್ನು ಬರೆಯುತ್ತೇನೆ.

ನಾನಿರುವುದು ಮಿಷಿಗನ್‌ನ ಆ್ಯನ್ ಆರ್ಬರ್‌ನಲ್ಲಿ. ಇಲ್ಲಿನ ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ ಕೂರುತ್ತಾರೆ. ಊರಿನಿಂದ ಯಾರೇ ಬಂದರೂ ಮೊದಲು ಸ್ಟೇಡಿಯಂ ತೋರಿಸುತ್ತೇನೆ, ಆಮೇಲೆ ಜೆರಾಲ್ಡ್ ಫೋರ್ಡ್ ಲೈಬ್ರರಿ. 1974ರಲ್ಲಿ ಅಮೆರಿಕದ ಅಧ್ಯಕ್ಷರಾದ ಫೋರ್ಡ್ ಅವರೇ. 1930ರ ದಶಕದಲ್ಲಿ ಅವರು ಇದೇ ಮಿಷಿಗನ್ ತಂಡದ ಸೆಂಟರ್.

ಆಗಿನ ಸೆಂಟರ್ ಕೆಲಸ ಹೇಗಿತ್ತು ಗೊತ್ತಾ? ಸೊಂಟ ಬಗ್ಗಿಸಿ, ತಲೆ ತಗ್ಗಿಸಿ, ತನ್ನ ಎರಡು ಕಾಲುಗಳ ನಡುವಿಂದ ಹಿಂದಕ್ಕೆ ನೋಡಬೇಕು. ಹಿಂದೆ ನಿಂತವನ ಕೈಗೆ ಚೆಂಡು ಸರಿಯಾಗಿ ಹೋಗಬೇಕು. ತಲೆ ಎತ್ತುವಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಾನೆ, ಅವನನ್ನು ತಡೆಯಬೇಕು. ಚಪ್ಪಾಳೆ ಮಾತ್ರ ಚೆಂಡು ಹಿಡಿದು ಓಡಿದವನಿಗೆ. ಮೂರು ವರ್ಷ ಈ ಕೆಲಸ ಮಾಡಿದವನಿಗೆ ತಂಡ ಅಂದರೇನು ಅಂತ ಯಾರೂ ಪಾಠ ಹೇಳಬೇಕಾಗಿಲ್ಲ.

1934ರಲ್ಲಿ ಮಿಷಿಗನ್ ಎಂಟು ಆಟ ಆಡಿ ಗೆದ್ದಿದ್ದು ಒಂದೇ. ಅದು ಜಾರ್ಜಿಯಾ ಟೆಕ್ ವಿರುದ್ಧ, 9-2. ಆ ಗೆಲುವಿನ ಹಿಂದೆ ಒಂದು ನೋವು ಇದೆ. ಮಿಷಿಗನ್ ತಂಡದಲ್ಲಿ ವಿಲಿಸ್ ವಾರ್ಡ್ ಅಂತ ಕಪ್ಪು ವರ್ಣದ ಆಟಗಾರ ಇದ್ದರು. ಅವರು ಕಣಕ್ಕಿಳಿದರೆ ನಾವು ಆಡಲ್ಲ ಅಂತ ಜಾರ್ಜಿಯಾ ಟೆಕ್ ಹಟ ಹಿಡಿಯಿತು. ಮಿಷಿಗನ್ ಆಡಳಿತ ತಲೆಬಾಗಿತು, ವಾರ್ಡ್ ಹೊರಗೆ ಉಳಿದರು. ಫೋರ್ಡ್‌ಗೆ ವಾರ್ಡ್ ಗೆಳೆಯ. ತಾನೂ ಆಡುವುದಿಲ್ಲ ಅಂತ ಹೊರಟಿದ್ದರು. ಆಡು ಅಂತ ವಾರ್ಡ್ ಅವರೇ ಹೇಳಿದ ಮೇಲೆ ಆಡಿದರು. ವಾರ್ಡ್ ಮುಂದೆ ಜಡ್ಜ್ ಆದರು. 65 ವರ್ಷ ಕಳೆದು, 1999ರಲ್ಲಿ, ಕಪ್ಪು ವರ್ಣದ ವಿದ್ಯಾರ್ಥಿಗಳಿಗೆ ಮಿಷಿಗನ್ ವಿಶ್ವವಿದ್ಯಾಲಯದ ಬಾಗಿಲು ತೆರೆದಿರಬೇಕು ಅಂತ ಫೋರ್ಡ್ ಪತ್ರಿಕೆಗೆ ಬರೆದರು. ಆಗ ಎತ್ತಿದ್ದು ಇದೇ ವಾರ್ಡ್ ಹೆಸರನ್ನು. ಲೈಬ್ರರಿಯಲ್ಲಿ ಇದನ್ನು ಅತಿಥಿಗಳಿಗೆ ಹೇಳುವಾಗ ಪ್ರತಿ ಸಲವೂ ನನ್ನ ಗಂಟಲು ಕಟ್ಟುತ್ತದೆ.

ಕೋಚ್‌ಗಳ ವಿಷಯಕ್ಕೆ ಬರೋಣ. ನಿಕ್ ಸೇಬನ್ ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಒಂದು, ಅಲಬಾಮದಲ್ಲಿ ಆರು, ಒಟ್ಟು ಏಳು ರಾಷ್ಟ್ರೀಯ ಪ್ರಶಸ್ತಿ ಗೆದ್ದವರು. ಕೆಂಟ್ ಸ್ಟೇಟ್‌ ಕಾಲೇಜಿನಲ್ಲಿ ಡಿಫೆನ್ಸಿವ್ ಬ್ಯಾಕ್, ಅಂದರೆ ಹಿಂದೆ ನಿಂತು ಎದುರಾಳಿಯ ಪಾಸ್ ತಡೆಯುವವನಾಗಿ ಆಡಿದ್ದರು. ಕೋಚ್ ಆಗುವ ಯೋಚನೆಯೇ ಅವರಿಗೆ ಇರಲಿಲ್ಲ. ಹೆಂಡತಿಯ ಓದು ಇನ್ನೊಂದು ವರ್ಷ ಬಾಕಿ ಇತ್ತು. ಅಲ್ಲಿಯವರೆಗೆ ನನ್ನ ಜೊತೆ ಕೆಲಸ ಮಾಡು ಅಂತ ಅವರ ಕೋಚ್ ಡಾನ್ ಜೇಮ್ಸ್ ಉಳಿಸಿಕೊಂಡರು. ಅಲಬಾಮದ ದೊಡ್ಡ ಕೋಚ್ ಆದ ಮೇಲೂ ಸೇಬನ್ ಪ್ರಾಕ್ಟೀಸ್‌ನಲ್ಲಿ ಡಿಫೆನ್ಸಿವ್ ಬ್ಯಾಕ್ ಹುಡುಗರ ನಡುವೆಯೇ ನಿಲ್ಲುತ್ತಿದ್ದರು, ಕಾಲು ಎಲ್ಲಿಡಬೇಕು ಅಂತ ತಾವೇ ತೋರಿಸುತ್ತಿದ್ದರು. ಅದು ಪುಸ್ತಕ ಓದಿ ಬರುವ ವಿದ್ಯೆ ಅಲ್ಲ. ನೀರಿಗಿಳಿಯದವನು ಈಜು ಕಲಿಸಲಾರ.

ಕೋಚ್ ಅಂದರೆ ಕಿರುಚುವವನು ಅಂತ ಯಾರಾದರೂ ಹೇಳಿದರೆ ಟೋನಿ ಡಂಜಿ ಅವರನ್ನು ನೋಡಿ. ಮಿನ್ನೆಸೋಟದಲ್ಲಿ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವರು ಆಗಿದ್ದರು. 2007ರಲ್ಲಿ ವೃತ್ತಿಪರ ಫುಟ್‌ಬಾಲ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದ ಮೊದಲ ಕಪ್ಪು ವರ್ಣದ ಹೆಡ್ ಕೋಚ್. ಮೈದಾನದ ಅಂಚಿನಲ್ಲಿ ಅವರು ಸಿಡಿಮಿಡಿ ಮಾಡಿದ್ದನ್ನು ಕಂಡವರು ಕಡಿಮೆ.

ಆಫೀಸಿನಲ್ಲೂ ನಾನು ಇದನ್ನು ಕಂಡಿದ್ದೇನೆ. ನನ್ನ ಮೊದಲ ಮ್ಯಾನೇಜರ್ ಒಂದು ಸಣ್ಣ ಕಾಲೇಜಿನ ತಂಡದಲ್ಲಿ ಆಡಿದವರು. ಒಂದು ಶುಕ್ರವಾರ ರಾತ್ರಿ ನಮ್ಮ ಸಿಸ್ಟಂ ಪೂರ್ತಿ ಮಲಗಿಬಿಟ್ಟಿತು. ಸೋಮವಾರ ಬೆಳಗ್ಗೆ ಎಲ್ಲರನ್ನೂ ಕೂರಿಸಿ, ನಿಮಿಷ ನಿಮಿಷದ ದಾಖಲೆ ತೆರೆದು, ಮೊದಲು ತಮ್ಮ ತಪ್ಪನ್ನೇ ತೋರಿಸಿದರು. ಶನಿವಾರ ಸೋತರೆ ಮಾರನೇ ದಿನ ವಿಡಿಯೋ ಹಾಕಿಕೊಂಡು ನೋಡುತ್ತಿದ್ದೆವು, ಆ ಅಭ್ಯಾಸ ಅಂದರು. ನನ್ನ ತಪ್ಪಿನ ಸರದಿ ಬರುವಷ್ಟರಲ್ಲಿ ನನ್ನ ಭಯ ಹೋಗಿತ್ತು.

ವಿರೋಧ ಬರೆಯುವವರು ಮೈಕ್ ಲೀಚ್ ಹೆಸರು ಹೇಳಿಯೇ ಹೇಳುತ್ತಾರೆ. ಹೌದು, ಅವರು ಕಾಲೇಜು ಫುಟ್‌ಬಾಲ್ ಆಡಲಿಲ್ಲ, ಒಳ್ಳೆಯ ಕೋಚ್ ಆದರು. ಆದರೆ ತಲೆಗೆ ಪೆಟ್ಟು ಬಿದ್ದ ಆಟಗಾರನನ್ನು ಕೆಟ್ಟದಾಗಿ ನಡೆಸಿಕೊಂಡರು ಅಂತ 2009ರಲ್ಲಿ ಟೆಕ್ಸಸ್ ಟೆಕ್ ತೆಗೆದಿದ್ದು ಅವರನ್ನೇ. ಅವರು ಆ ಆರೋಪ ಒಪ್ಪಲಿಲ್ಲ, ಅದು ಬೇರೆ ಮಾತು. ಆಡದವರೆಲ್ಲ ಮೆತ್ತನೆಯ ಮನಸ್ಸಿನವರು, ಆಡಿದವರೆಲ್ಲ ಒರಟರು ಅಂತ ಹೇಳಲು ಆಗುವುದಿಲ್ಲ, ಅಲ್ವಾ?

ವಿರೋಧ: ನಿನ್ನೆಯ ಸೊಸೆ, ಇವತ್ತಿನ ಅತ್ತೆ

ಈ ಕಡೆ ಬರೆಯಿರಿ ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಆರು ವರ್ಷದಿಂದ ಮನಸ್ಸಿನಲ್ಲಿ ಇಟ್ಟುಕೊಂಡ ಮಾತು ಇದು.

ನಮ್ಮಲ್ಲಿ ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ಸೊಸೆಯಾಗಿ ಕಣ್ಣೀರು ಹಾಕಿದವಳು ಅತ್ತೆಯಾದಾಗ ತನ್ನ ಸೊಸೆಯ ಕಣ್ಣೀರು ಒರೆಸಬೇಕು. ಬಹಳ ಮನೆಗಳಲ್ಲಿ ಹಾಗೆ ಆಗುವುದಿಲ್ಲ. "ನಾನು ಪಟ್ಟಿಲ್ವಾ?" ಅನ್ನುತ್ತಾಳೆ. ಆಡಿ ಕೋಚ್ ಆದವರ ತೊಂದರೆಯೂ ಇದೇ. ತಾನು ಪಟ್ಟ ಪಾಡನ್ನೇ ಪಾಠ ಅಂದುಕೊಳ್ಳುತ್ತಾರೆ.

ಅಲಬಾಮದ ಕೋಚ್ ಆಗಿದ್ದ ಬೇರ್ ಬ್ರಯಂಟ್ ಅಂದರೆ ಅಲ್ಲಿ ದೇವರು. 1935ರಲ್ಲಿ ಅಲ್ಲೇ ವಿದ್ಯಾರ್ಥಿಯಾಗಿದ್ದಾಗ ಟೆನೆಸೀ ವಿರುದ್ಧ ಮುರಿದ ಕಾಲಿನಲ್ಲೇ ಆಡಿದರು. ಅದನ್ನು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಅದೇ ಮನುಷ್ಯ 1954ರಲ್ಲಿ ಟೆಕ್ಸಸ್ ಎ ಆ್ಯಂಡ್ ಎಂ ಕೋಚ್ ಆಗಿ, ಹುಡುಗರನ್ನು ಜಂಕ್ಷನ್ ಅನ್ನುವ ಊರಿಗೆ ಕರೆದೊಯ್ದರು. ಟೆಕ್ಸಸ್‌ಗೆ ಬರ ಬಿದ್ದಿದ್ದ ಕಾಲ. ಒಣಗಿ ಬಿರಿದ ನೆಲ, ಮುಳ್ಳು, ಕಲ್ಲು. ಹತ್ತು ದಿನ ಸುಡುಬಿಸಿಲಲ್ಲಿ ಆಡಿಸಿದರು, ಪ್ರಾಕ್ಟೀಸ್ ನಡುವೆ ನೀರು ಕೊಡಲಿಲ್ಲ. ಒಬ್ಬ ಹುಡುಗ ಬಿಸಿಲ ಹೊಡೆತಕ್ಕೆ ಕುಸಿದು ಸಾವಿನ ಬಾಗಿಲು ನೋಡಿ ಬಂದ. ಎಷ್ಟೋ ಜನ ರಾತ್ರಿ ಪೆಟ್ಟಿಗೆ ಎತ್ತಿಕೊಂಡು ಹೋಗಿಬಿಟ್ಟರು.

ಆ ವರ್ಷ ತಂಡ ಹತ್ತು ಆಟದಲ್ಲಿ ಗೆದ್ದಿದ್ದು ಒಂದು. ಆದರೆ 1956ರಲ್ಲಿ ಒಂದೂ ಸೋಲಲಿಲ್ಲ, ಉಳಿದವರಲ್ಲಿ ಜೀನ್ ಸ್ಟಾಲಿಂಗ್ಸ್ ಮುಂದೆ ಅಲಬಾಮದ ಕೋಚ್ ಆಗಿ 1992ರ ಪ್ರಶಸ್ತಿ ಗೆದ್ದರು ಅಂತ ಕಥೆ ಮುಗಿಸುತ್ತಾರೆ. ಉಳಿದವರ ಲೆಕ್ಕ ಎಲ್ಲರೂ ಇಡುತ್ತಾರೆ. ಹೋದವರಲ್ಲಿ ಎಂಥೆಂಥ ಹುಡುಗರಿದ್ದರು ಅಂತ ಯಾರು ಕೇಳಿದರು?

ಅದು ಹಳೇ ಕಾಲ ಅನ್ನಬೇಡಿ. 2018ರ ಮೇ ತಿಂಗಳಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜೋರ್ಡನ್ ಮೆಕ್‌ನೇರ್ ಪ್ರಾಕ್ಟೀಸ್‌ನಲ್ಲಿ 110 ಗಜದ ಓಟ ಮತ್ತೆ ಮತ್ತೆ ಓಡಿ, ಮೈ ಕಾದು ಕುಸಿದ. ತಕ್ಷಣ ಐಸ್ ನೀರಿನಲ್ಲಿ ಕೂರಿಸಬೇಕಿತ್ತು. ಕೂರಿಸಲಿಲ್ಲ. ಎರಡು ವಾರ ಕಳೆದು ಜೂನ್‌ನಲ್ಲಿ ತೀರಿಕೊಂಡ. ವಯಸ್ಸು 19.

ಫೋರ್ಡ್ ಅವರ ಕಥೆ ನಾನೂ ಓದಿದ್ದೇನೆ, ಕಣ್ಣು ಒದ್ದೆಯಾಗುತ್ತದೆ. ಆದರೆ ಸೆಂಟರ್ ಆಡಿದವರೆಲ್ಲ ಅಧ್ಯಕ್ಷರಾಗುವುದಾದರೆ ಅಮೆರಿಕಕ್ಕೆ ಚುನಾವಣೆಯೇ ಬೇಡ. ಫೋರ್ಡ್ ಒಳ್ಳೆಯ ಮನುಷ್ಯ, ಅದಕ್ಕೆ ಒಳ್ಳೆಯ ಕೆಲಸ ಮಾಡಿದರು. ಲೀಚ್ ಕಾಲೇಜಿನಲ್ಲಿ ಫುಟ್‌ಬಾಲ್ ಆಡದೆ, ಕಾನೂನು ಓದಿ ಬಂದವರು. ಚೆಂಡು ಎಸೆಯುವ ಆಟವನ್ನೇ ಬದಲಿಸಿದರು. ಅವರ ಕೆಲಸದ ಗಲಾಟೆಗೆ ನಾನು ಹೋಗುವುದಿಲ್ಲ.

ನಮ್ಮ ಹುಡುಗ ಅನ್ನುವ ಮೋಹವೂ ಒಂದಿದೆ. 1997ರ ನೆಬ್ರಾಸ್ಕ ತಂಡದ ಕ್ವಾರ್ಟರ್‌ಬ್ಯಾಕ್ ಸ್ಕಾಟ್ ಫ್ರಾಸ್ಟ್ ಅವರನ್ನು 2017ರ ಡಿಸೆಂಬರ್‌ನಲ್ಲಿ ಮನೆಮಗ ಬಂದ ಅಂತ ಕೋಚ್ ಮಾಡಿ ಮೆರೆಸಿದರು. 47 ಆಟದಲ್ಲಿ 16 ಗೆದ್ದರು, 2022ರಲ್ಲಿ ಮನೆಗೆ ಕಳಿಸಿದರು. 2003ರಲ್ಲಿ ಅಲಬಾಮಕ್ಕೆ ಕೋಚ್ ಬೇಕಿತ್ತು. ಸಿಲ್ವೆಸ್ಟರ್ ಕ್ರೂಮ್ ಅಲ್ಲೇ ಬ್ರಯಂಟ್ ಕೈಕೆಳಗೆ ಆಡಿದ ಸೆಂಟರ್, ಎಷ್ಟೋ ವರ್ಷ ಕೋಚಿಂಗ್ ಮಾಡಿದವರು, ಕಪ್ಪು ವರ್ಣದವರು. ಮೈಕ್ ಶೂಲಾ ಕೂಡ ಅಲ್ಲೇ ಆಡಿದವರು, ದೊಡ್ಡ ಕೋಚ್ ಒಬ್ಬರ ಮಗ. ಕೆಲಸ ಶೂಲಾ ಅವರಿಗೆ ಹೋಯಿತು. ಆ ಡಿಸೆಂಬರ್‌ನಲ್ಲಿ ಕ್ರೂಮ್ ಅವರನ್ನು ಮಿಸಿಸಿಪ್ಪಿ ಸ್ಟೇಟ್ ಕರೆಯಿತು. ಅಲಬಾಮ, ಮಿಸಿಸಿಪ್ಪಿ ಸ್ಟೇಟ್ ಎರಡೂ ಆಡುವ ಇಡೀ ಕಾಲೇಜು ಒಕ್ಕೂಟದಲ್ಲೇ ಅವರು ಮೊದಲ ಕಪ್ಪು ವರ್ಣದ ಹೆಡ್ ಕೋಚ್. ಆಡಿದವರಿಗೆ ಮಣೆ ಅಂತೀರಿ. ಆಡಿದವರಲ್ಲಿ ಯಾರಿಗೆ?

ಈಗ ನನ್ನ ಮಗನ ವಿಷಯ. ನಾವಿರುವುದು ಡಲ್ಲಾಸ್ ಪಕ್ಕದಲ್ಲಿ. ಅವನು ಹತ್ತನೇ ಕ್ಲಾಸಿನಲ್ಲಿ ಶಾಲೆಯ ತಂಡ ಸೇರಿದ. ಕನ್ನಡ ಸಂಘದ ಗೆಳತಿಯರೆಲ್ಲ, ಯಾಕ್ರೀ ಈ ಹೊಡೆದಾಟ, ಟೆನಿಸ್‌ಗೆ ಹಾಕಬಾರದಿತ್ತಾ ಅಂದರು. ಅವನ ಸಂತೋಷ ನೋಡಿ ನಾನು ಸುಮ್ನಿದ್ದೆ. ಕೋಚ್ ಕಾಲೇಜಿನಲ್ಲಿ ಆಡಿದವರು, ಅದನ್ನು ಕೇಳಿ ನನಗೂ ಧೈರ್ಯ ಬಂದಿತ್ತು.

ಆಗಸ್ಟ್ ತಿಂಗಳು. ಅವನನ್ನು ಕರೆದುಕೊಂಡು ಬರಲು ಅರ್ಧ ಗಂಟೆ ಮುಂಚೆ ಹೋಗಿದ್ದೆ. ಪ್ಲಾಸ್ಟಿಕ್ ಹುಲ್ಲಿನ ಮೈದಾನ, ಚಪ್ಪಲಿಯೊಳಗೂ ಕಾಲು ಚುರ್ ಅನ್ನುತ್ತಿತ್ತು. ಮಗ ಮೊಣಕಾಲ ಮೇಲೆ ಕೈ ಊರಿ ನಿಂತಿದ್ದ. ತಲೆ ಸುತ್ತುತ್ತಿದೆ ಅಂತ ಕೈ ಎತ್ತಿದ. ಕೋಚ್ ಹತ್ತಿರ ಬಂದು, ನಾವು ಆಡುವಾಗ ನೀರೇ ಕೇಳುತ್ತಿರಲಿಲ್ಲ, ಇನ್ನೆರಡು ಸುತ್ತು ಅಂದರು. ಕೋಪದಿಂದ ಹೇಳಲಿಲ್ಲ, ಬೆನ್ನು ತಟ್ಟಿ, ಪ್ರೀತಿಯಿಂದಲೇ ಹೇಳಿದರು. ನನಗೆ ಈಗಲೂ ಹೆದರಿಕೆಯಾಗುವುದು ಆ ಪ್ರೀತಿಯನ್ನು ನೆನೆಸಿಕೊಂಡರೆ.

ಒಂದು ಸುತ್ತು ಓಡಿದ. ಎರಡನೆಯದರಲ್ಲಿ ಅಡ್ಡಾದಿಡ್ಡಿ ಹೋಗಿ ಕೂತುಬಿಟ್ಟ. ಆಟಗಾರರ ಪೆಟ್ಟು, ಆರೋಗ್ಯ ನೋಡಿಕೊಳ್ಳುವ ಶಾಲೆಯ ಟ್ರೇನರ್ ಹುಡುಗಿ, ಇಪ್ಪತ್ತೈದು ಇರಬಹುದು, ಆ ಕಡೆಯಿಂದ ಓಡಿ ಬಂದಳು. ಕೋಚ್ ಏನೋ ಹೇಳಿದರು, ಅವಳು ತಿರುಗಿಯೂ ನೋಡಲಿಲ್ಲ. ಹೆಲ್ಮೆಟ್ ಕಿತ್ತು, ಜರ್ಸಿ ಕತ್ತರಿಸಿ, ಐಸ್ ತುಂಬಿದ ತೊಟ್ಟಿಗೆ ಎದೆಮಟ್ಟ ಇಳಿಸಿದಳು. ಅವನು ನನ್ನನ್ನು ನೋಡಿ, ಅಮ್ಮ, ಇವತ್ತು ಪರೀಕ್ಷೆ ಇದ್ಯಾ ಅಂತ ಕೇಳಿದ. ಹತ್ತು ನಿಮಿಷ ಕಳೆದ ಮೇಲೆ ಹಲ್ಲು ಕಟಕಟ ಅನ್ನುತ್ತಾ, ಚಳಿ ಅಂದ. ಚಳಿ ಅನ್ನುವ ಮಾತು ಅಷ್ಟು ಚೆನ್ನಾಗಿ ಕೇಳಿಸಬಹುದು ಅಂತ ನನಗೆ ಗೊತ್ತಿರಲಿಲ್ಲ. ಆ ಹುಡುಗಿ ಜನ್ಮದಲ್ಲಿ ಫುಟ್‌ಬಾಲ್ ಆಡಿದವಳಲ್ಲ. ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟೆ.

ಮಗ ಮುಂದಿನ ವರ್ಷವೂ ಆಡಿದ, ನಾನು ಬೇಡ ಅಂದರೂ. ಈಗ ಕಾಲೇಜಿನಲ್ಲಿದ್ದಾನೆ, ರಜೆಗೆ ಬಂದಾಗ ನಮ್ಮ ಬೀದಿಯ ಚಿಕ್ಕ ಹುಡುಗರಿಗೆ ಆಟ ಹೇಳಿಕೊಡುತ್ತಾನೆ. ಹೋದ ಬೇಸಿಗೆಯಲ್ಲಿ ನನ್ನ ತಂಗಿಯ ಮಗನೂ ಅವರ ಜೊತೆ ಇದ್ದ, ಒಂಬತ್ತು ವರ್ಷ. ಅಡುಗೆಮನೆ ಕಿಟಕಿ ತೆರೆದಿತ್ತು. "ಅಣ್ಣ, ಬಾಯಾರಿಕೆ" ಅಂದ. ನನ್ನ ಮಗ ನಗುತ್ತಾ, "ನಾವು ಆಡುವಾಗ ಇಷ್ಟೊತ್ತಿಗೆಲ್ಲ ನೀರು ಕೇಳ್ತಾನೇ ಇರ್ಲಿಲ್ಲ ಕಣೋ" ಅಂದ.

ಒಲೆ ಆರಿಸಿ, ನೀರಿನ ಜಗ್ ಎತ್ತಿಕೊಂಡು ಹೊರಗೆ ಹೋದೆ.