ಸ್ಪಷ್ಟನೆ: ಯಹೂದಿಗಳ ಊಟದ ಮನೆ ಯಹೂದಿಗಳಿಗೆ ಮಾತ್ರವಲ್ಲ

‘ಅಮೆರಿಕದ ಸಿನಗಾಗ್‌ಗಳು (ಯಹೂದಿಗಳ ಪ್ರಾರ್ಥನಾ ಮಂದಿರಗಳು) ಹಸಿದವರ ಹೆಸರಲ್ಲಿ ದಿನಸಿ ಕೂಡಿಸಿ ತಮ್ಮವರಿಗೆ ಮಾತ್ರ ಕೊಡುತ್ತವೆ, ಕೋಷರ್ ಊಟ ಬೇರೆಯವರಿಗೆ ಇಲ್ಲ’ ಎಂಬ ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ಇದು ತಪ್ಪು.

ಕೋಷರ್ ಅನ್ನೋದು ಅಡುಗೆ ಹೇಗಿರಬೇಕು ಎಂಬ ಯಹೂದಿ ಧರ್ಮದ ನಿಯಮ. ಯಾರು ತಿನ್ನಬೇಕು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ನ್ಯೂಯಾರ್ಕಿನ ‘ಮಾಸ್ಬಿಯಾ’ ನೋಡಿ. 2005ರಲ್ಲಿ ಬ್ರೂಕ್ಲಿನ್‌ನ ಬರೋ ಪಾರ್ಕ್‌ನಲ್ಲಿ ಬಡವರಿಗೆಂದು ಶುರುವಾದ ಉಚಿತ ಕೋಷರ್ ಊಟದ ಮನೆ ಇದು. ನಡೆಸುವವರು ಕಟ್ಟಾ ಸಂಪ್ರದಾಯಸ್ಥರು, ಆದರೂ ಯಾವ ಧರ್ಮದವರು ಬಂದರೂ ಊಟವಿದೆ. ಹೋಟೆಲಿನಂತೆ ಮೇಜಿಗೇ ತಂದು ಬಡಿಸುವ ಪದ್ಧತಿಯಲ್ಲಿ ಅದು ಶುರುವಾಯಿತು. ಬಡವರು ತಟ್ಟೆ ಹಿಡಿದು ಸಾಲಲ್ಲಿ ನಿಲ್ಲಬಾರದು ಅಂತ. ನನಗೆ ಹಿಡಿಸಿದ್ದು ಇದೇ.

ದಿನಸಿ ವಿಷಯ. ಯಹೂದಿಗಳ ಹೊಸ ವರ್ಷ ರೋಶ್ ಹಶಾನಾಗೆ ಅನೇಕ ಸಿನಗಾಗ್‌ಗಳು ಖಾಲಿ ಚೀಲ ಹಂಚುತ್ತವೆ. ಉಪವಾಸದ ಯೋಮ್ ಕಿಪ್ಪುರ್ ಹೊತ್ತಿಗೆ ಜನ ತುಂಬಿಸಿ ತರುತ್ತಾರೆ. ಅದು ಸಾಮಾನ್ಯವಾಗಿ ಊರಿನ ಫುಡ್ ಬ್ಯಾಂಕಿಗೆ (ಬಡವರಿಗೆ ದಿನಸಿ ಒದಗಿಸುವ ಕೇಂದ್ರಕ್ಕೆ) ಹೋಗುತ್ತದೆ, ಅಂದರೆ ಎಲ್ಲರಿಗೂ. 1985ರಲ್ಲಿ ಹುಟ್ಟಿದ ‘ಮಾಜೋನ್’ ಸಂಸ್ಥೆಯಂತೂ ಮದುವೆ, ಬಾರ್ ಮಿಟ್ಸ್ವಾ (ಹುಡುಗ ಧಾರ್ಮಿಕವಾಗಿ ದೊಡ್ಡವನಾದಾಗಿನ ಸಮಾರಂಭ) ಖರ್ಚಿನ ಶೇ 3ರಷ್ಟನ್ನು ಹಸಿದವರಿಗೆ ಕೊಡಿ ಎಂದು ಯಹೂದಿ ಮನೆಗಳನ್ನು ಕೇಳಿತು. ಆ ಹಣವೂ ಯಹೂದಿಗಳಿಗೆ ಮಾತ್ರ ಅಂತ ಇರಲಿಲ್ಲ.

ಹಾಗಾದರೆ ಗೊಂದಲ ಎಲ್ಲಿಂದ? ಬಹುಶಃ ಯಹೂದಿಗಳ ಪಾಸೋವರ್ ಹಬ್ಬದಿಂದ. ಆಗ ಬಡ ಯಹೂದಿ ಮನೆಗಳಿಗೆಂದೇ ಆ ಹಬ್ಬಕ್ಕೆ ತಿನ್ನುವ, ಹುಳಿ ಬರಿಸದ ಮಾಟ್ಸಾ ರೊಟ್ಟಿ ಕೊಡಿಸುವ ಹಳೇ ನಿಧಿಗಳಿವೆ. ಅದು ಹಬ್ಬದ ನೆರವು ಅಷ್ಟೇ.