ಸೂರ್ಯೋದಯಕ್ಕೆ ಮೊಸರು

ರಜೆಗೆಂದು ಹವಾಯಿಗೆ ಕರೆದುಕೊಂಡು ಹೋಗಿ, ರಾತ್ರಿ ಎರಡು ಗಂಟೆಗೆ ಎಬ್ಬಿಸಿದರೆ ಯಾವ ಅತ್ತೆ ಮಾವ ಆಶೀರ್ವಾದ ಮಾಡುತ್ತಾರೆ ಹೇಳಿ? ಆದರೆ ಮೌಯಿ ದ್ವೀಪದ ಹಲೆಯಾಕಲಾ ಶಿಖರದಲ್ಲಿ ಸೂರ್ಯೋದಯ ನೋಡುವವರಿಗೆ ಬೇರೆ ದಾರಿಯಿಲ್ಲ. ಸುಮ್ನೆ ಎದ್ದು ಹೊರಟರೂ ಆಗದು. ಅದು ನ್ಯಾಷನಲ್ ಪಾರ್ಕು, ಅಷ್ಟು ಹೊತ್ತಿಗೆ ಕಾರು ಒಳಗೆ ಬಿಡಬೇಕಾದರೆ ಮೊದಲೇ ಬುಕ್ ಮಾಡಿರಬೇಕು. ಅದಕ್ಕೆ ಕಾರಿಗೆ 1 ಡಾಲರ್, ಪಾರ್ಕಿನ ಪ್ರವೇಶಕ್ಕೆ ಮತ್ತೆ 30 ಡಾಲರ್.

"ಸೂರ್ಯನ್ನ ನೋಡೋಕೂ ದುಡ್ಡೇನಮ್ಮಾ? ಮೈಸೂರಲ್ಲಿ ತಾರಸಿ ಹತ್ತಿದ್ರೆ ಪುಕ್ಕಟೆ ಕಾಣ್ತಾನೆ" ಎಂದರು ಮಾವ.

ಮಾವ ಮೈಸೂರಿನಿಂದ ಮಂಕಿಕ್ಯಾಪ್ ತಂದಿದ್ದರು. ಕಡಲ ದಡದ ಹೋಟೆಲಿನಲ್ಲಿ ಅದನ್ನು ನೋಡಿ ನನ್ನ ಗಂಡ ಬಿದ್ದು ಬಿದ್ದು ನಕ್ಕರು. ಅವರು ಹೊರಟದ್ದು ಚಡ್ಡಿಯಲ್ಲಿ. ಹವಾಯಿ ಅಂದ್ರೆ ಚಡ್ಡಿ ಅಂತ ಅವರ ವಾದ. ಶಿಖರದ ಎತ್ತರ 3,055 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಮೇಲೆ ಇನ್ನೂ ಒಂದು ಕಿಲೋಮೀಟರ್‌ಗಿಂತ ಜಾಸ್ತಿ. ಕಡಲ ದಡಕ್ಕೂ ಅಲ್ಲಿಗೂ ಹವೆಯಲ್ಲಿ ಸುಮಾರು 17 ಡಿಗ್ರಿ ವ್ಯತ್ಯಾಸ. ಗಾಳಿ ಬೀಸಿದರೆ ಇನ್ನೂ ಕಷ್ಟ. ಇದನ್ನೆಲ್ಲ ನಾನು ಓದಿ ಹೇಳಿದ್ದೆ. ಹೆಂಡತಿ ಹೇಳಿದ್ದನ್ನು ಯಾರು ಲೆಕ್ಕಕ್ಕಿಡುತ್ತಾರೆ?

ಪಾರ್ಕಿನೊಳಗೆ ತಿನ್ನಲು ಏನೂ ಸಿಗುವುದಿಲ್ಲ, ಪೆಟ್ರೋಲೂ ಇಲ್ಲ. ಆದ್ದರಿಂದ ಅತ್ತೆ ಹಿಂದಿನ ರಾತ್ರಿಯೇ ಚಿತ್ರಾನ್ನ ಕಲಸಿ, ಅಂಗಡಿಯ ಮೊಸರಿನ ಕಪ್ಪುಗಳನ್ನೂ ಚಿಪ್ಸನ್ನೂ ಚೀಲಕ್ಕೆ ತುಂಬಿದ್ದರು. ಕತ್ತಲಲ್ಲಿ ಕಾರು ತಿರುವು ತಿರುವಾಗಿ ಹತ್ತುತ್ತಿತ್ತು. ಸುಮಾರು 60 ಕಿಲೋಮೀಟರ್‌ನಲ್ಲಿ ಕಡಲ ಮಟ್ಟದಿಂದ ಶಿಖರದವರೆಗೆ. ಮಾವ ಗೊರಕೆ, ಅತ್ತೆ ಜಪ. ಇದ್ದಕ್ಕಿದ್ದಂತೆ ಹಿಂದಿನಿಂದ ಢಮಾರ್! ಟೈರ್ ಹೋಯಿತೆಂದು ಗಂಡ ಬ್ರೇಕ್ ಒತ್ತಿದರು. ಹೋಗಿದ್ದು ಚಿಪ್ಸ್ ಪ್ಯಾಕೆಟ್ಟು. ಮೇಲೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗುತ್ತದಲ್ಲ, ಒಳಗಿನ ಗಾಳಿ ಹಿಗ್ಗಿ ಹಿಗ್ಗಿ ಒಡೆದಿತ್ತು. ಅತ್ತೆಯ ರೇಷ್ಮೆ ಸೀರೆಯ ತುಂಬ ಆಲೂಗಡ್ಡೆ.

ಮೇಲೆ ಇಳಿದಾಗ ನೋಡಬೇಕಿತ್ತು. ಹೋಟೆಲಿನ ಕಂಬಳಿ ಹೊದ್ದವರು, ಬೀಚ್ ಟವೆಲ್ ಸುತ್ತಿಕೊಂಡವರು, ಕಾಲ್ಚೀಲವನ್ನು ಕೈಗೆ ಹಾಕಿಕೊಂಡವರು. ನಮ್ಮ ಚಡ್ಡಿ ವೀರರ ಮೊಣಕಾಲು ಭರತನಾಟ್ಯ ಶುರು ಮಾಡಿತ್ತು. ಮಂಕಿಕ್ಯಾಪಿನೊಳಗಿಂದ ಮಾವ ಮಗನನ್ನು ನೋಡಿದರು, ಏನೂ ಹೇಳಲಿಲ್ಲ. ಹೇಳಿದ್ದರೇ ವಾಸಿಯಿತ್ತು.

ಸೂರ್ಯನೇನೋ ನಿಧಾನವಾಗಿಯೇ ಬರುತ್ತಾನೆ. ಅದಕ್ಕೂ ಅಲ್ಲಿ ಕಥೆಯಿದೆ. ಮೊದಲು ಸೂರ್ಯ ಗಡಿಬಿಡಿಯಲ್ಲಿ ಓಡಿಬಿಡುತ್ತಿದ್ದನಂತೆ. ಮೌಯಿ ಎಂಬ ವೀರನ ತಾಯಿ ಹೀನಾ ಮರದ ತೊಗಟೆಯಿಂದ ಮಾಡಿದ ಬಟ್ಟೆ ಒಣಗುವುದರೊಳಗೆ ಕತ್ತಲು. ಮಗನಿಗೆ ಸಿಟ್ಟು ಬಂದು, ಇದೇ ಬೆಟ್ಟದ ಮೇಲೆ ಸೂರ್ಯನ ಕಿರಣಗಳಿಗೆ ಹಗ್ಗದ ಕುಣಿಕೆ ಹಾಕಿ ಹಿಡಿದು, ಮೆಲ್ಲಗೆ ಹೋಗುತ್ತೇನೆಂದು ಮಾತು ತೆಗೆದುಕೊಂಡನಂತೆ. ಅತ್ತೆಗೆ ಇದು ತುಂಬ ಹಿಡಿಸಿತು. "ಸಂಡಿಗೆ ಒಣಗದಿದ್ರೆ ನನಗೂ ಹಾಗೇ ಅನ್ಸೋದು. ನನ್ನ ಮಗ ಮಾತ್ರ ಚಡ್ಡಿ ಹಾಕ್ಕೊಂಡು ನಿಂತಿದಾನೆ" ಎಂದರು.

ಕಾಯುವಾಗ ಹಸಿವಾಯಿತು. ಮೊಸರಿನ ಕಪ್ಪಿನ ಮುಚ್ಚಳ ಗುಮ್ಮಟವಾಗಿ ಉಬ್ಬಿತ್ತು. ಚಿಪ್ಸಿನ ಪಾಠ ಅಷ್ಟರಲ್ಲಿ ಎಲ್ಲರಿಗೂ ಮರೆತಿತ್ತು. ಗಂಡ ನಡುಗುವ ಕೈಯಲ್ಲಿ ಹಾಳೆ ಕಿತ್ತರು. ಚಿಮ್ಮಿದ ಮೊಸರು ನೇರ ಮಾವನ ಮಂಕಿಕ್ಯಾಪಿನ ಮೇಲೆ. ಸರಿಯಾಗಿ ಆ ಕ್ಷಣಕ್ಕೇ ಮೋಡದ ಹಾಸಿನ ಆಚೆ ಕೆಂಪು ಗೆರೆ ಮೂಡಿತು. ಪಾರ್ಕಿನ ಸಿಬ್ಬಂದಿಯೊಬ್ಬರು ಹವಾಯಿ ಭಾಷೆಯಲ್ಲಿ ಸೂರ್ಯನನ್ನು ಕರೆದು ಹಾಡತೊಡಗಿದರು. ಎಲ್ಲರೂ ಮೌನ. ಮಾವ ಮೊಸರು ಒರೆಸಿಕೊಳ್ಳದೆ ಕೈ ಮುಗಿದರು. ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ಇದೂ ಒಂದು ಪದ್ಧತಿ ಇರಬೇಕೆಂದು ಭಕ್ತಿಯಿಂದ ಫೋಟೋ ತೆಗೆದುಕೊಂಡಳು.

ಬೆಳಕಾದ ಮೇಲೆ ಕೆಳಗಿನ ಬಟ್ಟಲು ಕಾಣಿಸಿತು. ಸುಮಾರು 11 ಕಿಲೋಮೀಟರ್ ಉದ್ದ, ಒಳಗೆ ಕೆಂಪು, ಬೂದು ಬಣ್ಣದ ಪುಟ್ಟ ಪುಟ್ಟ ಗುಡ್ಡಗಳು. ನಿಜಕ್ಕೂ ಮಾತು ನಿಲ್ಲಿಸುವ ನೋಟ, ಮಾವನ ಮಾತು ಬಿಟ್ಟು. ಅಲ್ಲಿನ ಫಲಕ ಓದಿದ್ದೇ ತಪ್ಪಾಯಿತು. ಎಲ್ಲರೂ ಜ್ವಾಲಾಮುಖಿಯ ಬಾಯಿ ಎನ್ನುವ ಇದು ಸಿಡಿದು ಆದದ್ದಲ್ಲವಂತೆ. ಎರಡು ಕಡೆಯಿಂದ ನೀರು ಕೊರೆದ ಕಣಿವೆಗಳು ಮೇಲೆ ಬಂದು ಕೂಡಿದ್ದಂತೆ. ಆ ಪುಟ್ಟ ಗುಡ್ಡಗಳು ಮಾತ್ರ ಆಮೇಲೆ ಉಕ್ಕಿದ ಬೆಂಕಿಯವು.

"ಅಂದ್ರೆ ಮಳೆ ನೀರಿನ ಹಳ್ಳ ನೋಡೋಕೆ ಎರಡು ಗಂಟೆಗೆ ಎಬ್ಬಿಸಿದ್ಯಾ?" ಎಂದು ಮಾವ ಮಗನ ಕಡೆ ತಿರುಗಿದರು.

ಮಗ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಕಾರಿನ ಹೀಟರಿಗೆ ಮೊಣಕಾಲು ಒಡ್ಡಿ ಕುಳಿತಿದ್ದರು. ಇಳಿಯುವಾಗ ಬ್ರೇಕ್ ಒತ್ತಿ ಒತ್ತಿ ಕಾಯಿಸಬೇಡಿ, ಲೋ ಗೇರ್ ಹಾಕಿ ಎಂದು ದಾರಿಯಲ್ಲಿ ಬರೆದಿರುತ್ತಾರೆ. ನಾನು ಅದನ್ನೂ ಓದಿ ಹೇಳಿದೆ. ಸ್ವಲ್ಪ ಹೊತ್ತಿಗೆ ಅತ್ತೆ ಮೂಗು ಅರಳಿಸಿದರು.

"ಇಷ್ಟು ಬೆಳಿಗ್ಗೆ ಯಾರೋ ರಬ್ಬರ್ ಸುಡ್ತಿದಾರೆ ಕಣೇ."

"ನಾವೇ ಅತ್ತೆ" ಎಂದೆ.