ಹಿನ್ನೆಲೆಗೆ ಎಂಬತ್ತರ ದಶಕದ ಸಿಂಥ್ ನಾದ ಬೇಕೇ?

ಸಾಕ್ಷ್ಯಚಿತ್ರ, ಜಾಹೀರಾತು, ಪಾಡ್‌ಕಾಸ್ಟ್, ವೆಬ್ ಸರಣಿ ಎಲ್ಲದಕ್ಕೂ ಇಂದು ಸಿದ್ಧ ಹಿನ್ನೆಲೆ ಸಂಗೀತ ದೊರೆಯುತ್ತದೆ. ಆ ಸಂಗ್ರಹಗಳಲ್ಲಿ ಹಳೆಯ ಸಿಂಥಸೈಜರ್‌ಗಳ, ಅಂದರೆ ವಿದ್ಯುತ್ತಿನಿಂದ ನಾದ ಹುಟ್ಟಿಸುವ ‘ಸಿಂಥ್’ ವಾದ್ಯಗಳ ಧಾಟಿಯ ಸಂಗೀತಕ್ಕೆ ದೊಡ್ಡ ಜಾಗವೇ ಇದೆ. ಅದನ್ನು ಬಳಸುವುದು ಸರಿಯೇ? ಪರವಾಗಿ ಒಬ್ಬರು ಸಂಕಲನಕಾರರು, ವಿರೋಧವಾಗಿ ಒಬ್ಬರು ಸಂಗೀತ ಸಂಯೋಜಕರು ಇಲ್ಲಿ ಬರೆದಿದ್ದಾರೆ.

ಪರ: ಮಾತಿಗೆ ಜಾಗ ಬಿಡುವ ನಾದ

ವ್ಯಕ್ತಿಯೊಬ್ಬರು ಕ್ಯಾಮೆರಾ ಮುಂದೆ ಮೆಲ್ಲಗೆ ಮಾತನಾಡುತ್ತಿದ್ದಾರೆ. ಆ ಮಾತಿನ ಕೆಳಗೆ ಏನಾದರೂ ಬೇಕು. ಪಿಟೀಲು ಇಟ್ಟರೆ ಅದೂ ಹಾಡತೊಡಗುತ್ತದೆ, ಏಕೆಂದರೆ ಅದರ ನಾದ ಮನುಷ್ಯರ ಕಂಠಕ್ಕೆ ತೀರ ಹತ್ತಿರ. ಪಿಯಾನೊ ಇಟ್ಟರೆ ಒಂದೊಂದು ಮಣೆಯ ಪೆಟ್ಟೂ ಒಂದೊಂದು ಅಕ್ಷರಕ್ಕೆ ಅಡ್ಡ ಬರುತ್ತದೆ. ಇಂಥ ಕಡೆ ನಾನು ಮೊದಲು ಕೈಚಾಚುವುದು ಅನಲಾಗ್ ಸಿಂಥ್‌ನ ನಿಧಾನವಾದ ಪ್ಯಾಡ್‌ಗೆ, ಅಂದರೆ ಉದ್ದಕ್ಕೆ ಎಳೆದು ಹಿಡಿದ ಮೆತ್ತನೆಯ ಸ್ವರಗಳಿಗೆ.

ಕಾರಣ ಸರಳ. ಇಂಥ ವಾದ್ಯದಲ್ಲಿ ಆಸಿಲೇಟರ್ ಮೊದಲು ಒರಟಾದ, ತುಂಬು ಅಲೆಯೊಂದನ್ನು ಹುಟ್ಟಿಸುತ್ತದೆ. ಆಮೇಲೆ ಫಿಲ್ಟರ್ ಅದರ ಮೇಲಿನ ಆವರ್ತನಗಳನ್ನು ಸೋಸಿ ತೆಗೆಯುತ್ತದೆ. ‘ಸ’, ‘ಶ’, ‘ಚ’ಗಳ ಸ್ಪಷ್ಟತೆ ಇರುವುದೇ ಆ ಮೇಲಿನ ಆವರ್ತನಗಳಲ್ಲಿ. ಫಿಲ್ಟರ್ ಮುಚ್ಚಿರುವಷ್ಟು ಹೊತ್ತು ಸಂಗೀತ ಕೆಳಗೆ ಬೆಚ್ಚಗೆ ಮಲಗಿರುತ್ತದೆ, ಮಾತು ಒಂದಕ್ಷರವೂ ಮಸುಕಾಗದೆ ಕೇಳುತ್ತದೆ. ಮಾತು ನಿಂತು ಬಯಲಿನ ದೃಶ್ಯ ಬಂತೆನ್ನಿ. ಅಲ್ಲಿ ಫಿಲ್ಟರ್ ಮೆಲ್ಲಗೆ ತೆರೆದುಕೊಂಡರೆ ಅದೇ ಸ್ವರ ಬೆಳಗುತ್ತದೆ. ಹೊಸ ವಾದ್ಯ ಬಂದಿಲ್ಲ, ಹೊಸ ರಾಗವಿಲ್ಲ, ಆದರೂ ಕಣ್ಣಿನ ಮುಂದಿನ ಜಾಗ ಅಗಲವಾದಂತೆ ಅನ್ನಿಸುತ್ತದೆ. ನನ್ನ ಕೆಲಸದಲ್ಲಿ ಇಷ್ಟು ಸುಖ ಕೊಡುವ ಗಳಿಗೆಗಳು ಕಡಿಮೆ.

ಈ ನಾದ ಯಂತ್ರದ್ದು, ಜೀವವಿಲ್ಲದ್ದು ಎನ್ನುವವರಿದ್ದಾರೆ. ಅವರು ಹಳೆಯ ಆಸಿಲೇಟರ್‌ಗಳ ಗುಣ ತಿಳಿದವರಲ್ಲ. ಕೋಣೆಯ ಶಾಖ ಏರಿದರೂ ಅವುಗಳ ಶ್ರುತಿ ಕೂದಲೆಳೆಯಷ್ಟು ಜಾರುತ್ತದೆ. ಒಂದಕ್ಕೊಂದು ಪೂರ್ತಿ ಕೂಡದ ಎರಡು ಆಸಿಲೇಟರ್‌ಗಳು ಸೇರಿದಾಗ ಹುಟ್ಟುವ ಸಣ್ಣ ಅಲುಗಾಟದಲ್ಲೇ ಉಸಿರಾಟದಂಥದ್ದೇನೋ ಇದೆ.

ಲೆಕ್ಕದ ಅನುಕೂಲವನ್ನೂ ಹೇಳಬೇಕು. ನಿಮಿಷಕ್ಕೆ 120 ಬೀಟ್ ವೇಗದ ಸಂಗೀತದಲ್ಲಿ ಒಂದು ಬೀಟ್ ಎಂದರೆ ಅರ್ಧ ಸೆಕೆಂಡ್. ಸೆಕೆಂಡಿಗೆ 24 ಫ್ರೇಮಿನ ಚಿತ್ರದಲ್ಲಿ ಅದು ಸರಿಯಾಗಿ 12 ಫ್ರೇಮ್. ಒತ್ತಿದ ಸ್ವರಗಳನ್ನು ಒಂದೊಂದಾಗಿ ತಾನೇ ನುಡಿಸುತ್ತ ಹೋಗುವ ಸಿಂಥ್‌ನ ಆರ್ಪೆಜಿಯೇಟರ್ ಈ ಲೆಕ್ಕವನ್ನು ಎಲ್ಲೂ ತಪ್ಪುವುದಿಲ್ಲ. ಹಾಗಾಗಿ ನಾಳೆ ಬೆಳಿಗ್ಗೆಯೇ ಕೊಡಬೇಕಾದ ಚಿತ್ರವನ್ನೂ ಬೀಟಿಗೆ ಹೊಂದಿಸಿ ನೆಮ್ಮದಿಯಿಂದ ಕತ್ತರಿಸಬಹುದು.

ಇದು ಇತ್ತೀಚಿನ ಗೀಳೂ ಅಲ್ಲ. ಬಿಬಿಸಿ 1958ರಲ್ಲೇ ರೇಡಿಯೊಫೋನಿಕ್ ವರ್ಕ್‌ಶಾಪ್ ತೆರೆದು ಪ್ರಸಾರಕ್ಕಾಗಿ ವಿದ್ಯುನ್ಮಾನ ನಾದ ತಯಾರಿಸತೊಡಗಿತ್ತು. 1970ರ ದಶಕದಲ್ಲಿ ಲಂಡನ್ನಿನ ಕೆಪಿಎಂನಂಥ ಸಂಸ್ಥೆಗಳ ಸಿದ್ಧ ಸಂಗೀತದ ಧ್ವನಿಮುದ್ರಿಕೆಗಳಲ್ಲೂ ಸಿಂಥ್ ಇತ್ತು. ವಾದ್ಯವೃಂದಕ್ಕೆ ಹಣವಿಲ್ಲದ ಕಾರ್ಯಕ್ರಮಕ್ಕೆ ಒಬ್ಬರೇ ಕುಳಿತು ದೊಡ್ಡ ನಾದ ಕಟ್ಟಿಕೊಡಬಹುದಾಗಿತ್ತು. ಇಂದಿನ ಸಣ್ಣ ತಂಡಗಳ ಪಾಡೂ ಅದೇ. ಅವರಿಗೆ ಈ ದಾರಿ ಬೇಡವೆನ್ನಲು ನನಗೆ ಮನಸ್ಸು ಬಾರದು.

ವಿರೋಧ: ಕಾಲದ ಮುದ್ರೆ ಹೊತ್ತ ನಾದ

ಪ್ಯಾಡ್ ಮಾತಿಗೆ ಜಾಗ ಬಿಡುತ್ತದೆ, ನಿಜ. ಆದರೆ ಅದು ಬರಿಗೈಯಲ್ಲಿ ಬರುವುದಿಲ್ಲ. 1982ರ ‘ಬ್ಲೇಡ್ ರನ್ನರ್’ ಚಿತ್ರಕ್ಕೆ ಸಂಯೋಜಕ ವ್ಯಾಂಜೆಲಿಸ್ ಯಮಹಾ ಸಿಎಸ್-80 ಸಿಂಥ್ ನುಡಿಸಿದಾಗ ಆ ನಾದ ಭವಿಷ್ಯದ ಕಡೆ ಮುಖ ಮಾಡಿತ್ತು. 2016ರಲ್ಲಿ ‘ಸ್ಟ್ರೇಂಜರ್ ಥಿಂಗ್ಸ್’ ಸರಣಿ ಬಂದಾಗ ಅದೇ ಬಗೆಯ ನಾದ ಎಂಬತ್ತರ ದಶಕದ ಗುರುತಾಗಿತ್ತು. ಆ ಕಥೆ ಶುರುವಾಗುವುದು 1983ರಲ್ಲಿ, ಆದ್ದರಿಂದ ಅಲ್ಲಿ ಅದು ಸಹಜ. ಈಗ ನೀರಿನ ಅಭಾವದ ವರದಿಗೂ ಅದೇ, ಬ್ಯಾಂಕಿನ ಜಾಹೀರಾತಿಗೂ ಅದೇ. ಅದನ್ನು ಕೇಳಿದವರ ಮನಸ್ಸಿಗೆ ಮೊದಲು ಬರುವುದು ನಿಯಾನ್ ದೀಪ, ವಿಎಚ್‌ಎಸ್ ಟೇಪು, ಕತ್ತಲಲ್ಲಿ ಅಡಗಿರುವ ಏನೋ ಒಂದು. ಹೇಳಬೇಕಾದ ವಿಷಯದ ಸರದಿ ಆಮೇಲೆ.

ಆ ಕಾಲದ ವಾದ್ಯಗಳ ಮೇಲೆ ನನಗೆ ಅಪಾರ ಪ್ರೀತಿ ಇರುವುದರಿಂದಲೇ ಈ ಮಾತು ಹೇಳುತ್ತಿದ್ದೇನೆ. 1978ರ ಪ್ರಾಫೆಟ್-5 ಸಿಂಥ್‌ನಲ್ಲಿ ಏಕಕಾಲಕ್ಕೆ ಐದೇ ಸ್ವರ ನುಡಿಯುತ್ತಿದ್ದವು. ಆರನೆಯ ಮಣೆ ಒತ್ತಿದರೆ ಮೊದಲಿನದೊಂದು ಸ್ವರ ಕಡಿದುಹೋಗುತ್ತಿತ್ತು. ಯಾವ ಸ್ವರ ಬಿಡಬೇಕು, ಯಾವುದನ್ನು ಹಿಡಿಯಬೇಕು ಎಂದು ನುಡಿಸುವವರು ಯೋಚಿಸಲೇಬೇಕಿತ್ತು. ಇಂದಿನ ಸಾಫ್ಟ್‌ವೇರ್‌ಗೆ ಆ ಬಿಗಿ ಇಲ್ಲ. ಸಿದ್ಧ ಸಂಗ್ರಹದಲ್ಲಿ ‘ರೆಟ್ರೊ’ ಎಂದು ಹುಡುಕಿ ನೋಡಿ. ಒಂದರ ಹಿಂದೆ ಒಂದು ಅದೇ ಆರ್ಪೆಜಿಯೊ, ಅದೇ ಸ್ನೇರ್ ಡ್ರಮ್, ಬೇಕೆಂದೇ ಸೇರಿಸಿದ ಅದೇ ಟೇಪಿನ ನಡುಕ. ವಾದ್ಯದ ಸ್ವಭಾವವಾಗಿದ್ದ ಅಲುಗಾಟ ಈಗ ಮೇಲೆ ಬಳಿದ ಬಣ್ಣ.

ಹನ್ನೆರಡು ಫ್ರೇಮಿನ ಲೆಕ್ಕದ ಬಗ್ಗೆ ನನ್ನ ತಕರಾರು ಇನ್ನೂ ಗಟ್ಟಿಯಾದುದು. ಒಂದು ಸಾಕ್ಷ್ಯಚಿತ್ರದ ಕರಡು ಪ್ರತಿ ನೋಡಲು ನನ್ನನ್ನು ಕರೆದಿದ್ದರು. ಕಾಣೆಯಾದ ಮಗ ಎಂದೋ ಬರೆದಿದ್ದ ಕಾಗದವನ್ನು ತಾಯಿ ಓದಿ ಮಡಿಸುತ್ತಾರೆ. ಕೆಳಗೆ ಆರ್ಪೆಜಿಯೇಟರ್ ಟಿಕ್ಕುಟಿಕ್ಕೆನ್ನುತ್ತಿದೆ. ಮೊದಲ ಮಡಿಕೆ, ಎರಡನೆಯದು. ಮೂರನೆಯದಕ್ಕೆ ಅವರು ಕಾಗದದ ಅಂಚನ್ನು ಉಗುರಿನಿಂದ ತೀಡುತ್ತಿರುವಾಗಲೇ ಬೀಟ್ ಬಿತ್ತು, ದೃಶ್ಯ ಬದಲಾಯಿತು. ಆ ಕೈ ತನ್ನ ಕೆಲಸ ಮುಗಿಸಿರಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಆ ಟಿಕ್ಕುಟಿಕ್ಕಿನಿಂದ ತಾಯಿಯ ಅಳಲು ಪತ್ತೇದಾರಿ ಕಥೆಯ ಸುಳಿವಿನಂತೆ ಕಂಡಿತು. ಅವರನ್ನು ನಾವು ಅನುಮಾನದಿಂದ ನೋಡತೊಡಗಿದ್ದೆವು!

ಸಣ್ಣ ತಂಡದ ಬಳಿ ಹಣವಿರುವುದಿಲ್ಲ, ಒಪ್ಪಿದೆ. ಒಂದೇ ಸಿಂಥ್ ಇರುವ ಒಬ್ಬರೇ ಸಂಗೀತಗಾರರು ಸಾಕು. ಅವರನ್ನು ಪರದೆಯ ಮುಂದೆ ಕೂರಿಸಿ, ಬೀಟ್ ಕೊಡುವ ಕ್ಲಿಕ್ ಆರಿಸಿ, ಒಂದು ಸ್ವರ ಹಿಡಿದು ಆ ಕೈಯನ್ನೇ ನೋಡುತ್ತಿರಲು ಹೇಳಿ. ಕಾಗದ ಪೂರ್ತಿ ಮಡಿಸಿ ಪೆಟ್ಟಿಗೆಯೊಳಗೆ ಇಟ್ಟ ಮೇಲೆ ಅವರು ಮಣೆಯಿಂದ ಬೆರಳು ಎತ್ತಲಿ.